ಮಣ್ಣಿಲ್ಲದ ಸೊಪ್ಪಿಗೂ ನೀರಿನ ಲೆಕ್ಕ ಕೇಳೋಣ

"ಮಣ್ಣಿಲ್ಲ, ವಿಷವಿಲ್ಲ, ತೊಳೆಯುವ ಕೆಲಸವೂ ಇಲ್ಲ." ತಾರಸಿಯ ಮೇಲೆ, ಶೆಡ್ಡಿನೊಳಗೆ ಪೈಪುಗಳ ಸಾಲು ಜೋಡಿಸಿ, ಅದರಲ್ಲಿ ಗೊಬ್ಬರದ ನೀರು ಹರಿಸಿ ಸೊಪ್ಪು ಬೆಳೆದು ಮಾರುವವರ ಮಾತು ಹೀಗೆ ಶುರುವಾಗುತ್ತದೆ. ಹೈಡ್ರೋಪೋನಿಕ್ಸ್ ಎಂಬ ಈ ಬೇಸಾಯ ಈಗ ನಮ್ಮ ಮನೆಗಳ ಹತ್ತಿರಕ್ಕೂ ಬಂದಿದೆ. ಗಲ್ಫಿನಲ್ಲಿ ದುಡಿದು ಉಳಿಸಿದ ಹಣವನ್ನು ಇದಕ್ಕೆ ಹಾಕಿದವರಲ್ಲಿ ನಮ್ಮವರೂ ಇದ್ದಾರೆ. ಮನೆಯ ಒಂದು ಕೋಣೆಯಲ್ಲಿ ಟ್ರೇ ಇಟ್ಟು ಮೈಕ್ರೋಗ್ರೀನ್ಸ್ ಬೆಳೆದು ವಾಟ್ಸಾಪಿನಲ್ಲಿ ಮಾರುವ ಹೆಣ್ಣುಮಕ್ಕಳೂ ಇದ್ದಾರೆ. ಅವರ ದುಡಿಮೆಯ ಬಗ್ಗೆ ನನಗೆ ತಕರಾರಿಲ್ಲ. ತಕರಾರು ಇರುವುದು ಆ ಘೋಷಣೆಯ ಬಗ್ಗೆ.

ಮೂರು ಮಾತುಗಳಲ್ಲಿ ಮೊದಲನೆಯದು ನಿಜ. ಎರಡನೆಯದು ಅನೇಕ ಸಲ ನಿಜ. ಮೂರನೆಯದು ಸುಳ್ಳು. ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಅದು ಅಪಾಯಕಾರಿ ಸುಳ್ಳು. ಮಣ್ಣನ್ನು ತೆಗೆದ ಮಾತ್ರಕ್ಕೆ ಕೊಳೆ ಹೋಗುವುದಿಲ್ಲ. ಅದು ಬರುವ ದಾರಿ ಬದಲಾಗುತ್ತದೆ, ಅಷ್ಟೆ. ಈ ಬೇಸಾಯದಲ್ಲಿ ಆ ದಾರಿಯ ಹೆಸರು ನೀರು.

ವಿಷದ ಭಯವನ್ನೇ ಬಂಡವಾಳ ಮಾಡಿಕೊಂಡಾಗ

ಕಾಸರಗೋಡಿನವರಿಗೆ ವಿಷದ ಭಯವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ತೋಟದಲ್ಲೇ ನಿಲ್ಲಲಿಲ್ಲ. ಸುರಂಗದ ನೀರಿಗೆ, ತೋಡಿಗೆ, ಅಂಗಳಕ್ಕೆ ಬಿತ್ತು. ಎಣ್ಮಕಜೆಯ ಪಡ್ರೆಯಂತಹ ಊರುಗಳ ಮಕ್ಕಳನ್ನು ಇಡೀ ದೇಶ ಫೋಟೋಗಳಲ್ಲಿ ನೋಡಿತು. ಸುಪ್ರೀಂ ಕೋರ್ಟು ದೇಶದಾದ್ಯಂತ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿದ್ದು 2017ರಲ್ಲಿ.

ಹೀಗಾಗಿ "ವಿಷರಹಿತ" ಎಂಬ ಒಂದು ಪದ ನಮ್ಮ ಜಿಲ್ಲೆಯಲ್ಲಿ ಬೇರೆಲ್ಲೂ ಇಲ್ಲದಷ್ಟು ಕೆಲಸ ಮಾಡುತ್ತದೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತು. ಕೇರಳ ಕೃಷಿ ವಿಶ್ವವಿದ್ಯಾಲಯದ ವೆಳ್ಳಾಯಣಿ ಪ್ರಯೋಗಾಲಯ ಅಂಗಡಿಯ ತರಕಾರಿಗಳಲ್ಲಿ ಕೀಟನಾಶಕದ ಉಳಿಕೆ ಎಷ್ಟಿದೆ ಎಂದು ವರದಿ ಕೊಡುತ್ತಾ ಬಂದಿದೆ. ತರಕಾರಿಯನ್ನು ಹುಳಿನೀರಿನಲ್ಲೋ ವಿನೆಗರ್ ನೀರಿನಲ್ಲೋ ಮುಳುಗಿಸಿಡುವ ಅಭ್ಯಾಸ ನಮ್ಮ ಅಡುಗೆಮನೆಗೂ ಬಂದಿದೆ. ಒಳ್ಳೆಯದೇ. ಆದರೆ ಇವೆಲ್ಲ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಕೀಟನಾಶಕ ಇದೆಯೋ ಇಲ್ಲವೋ? ಇನ್ನೊಂದು ಪ್ರಶ್ನೆ ಹಾಗೇ ಉಳಿಯುತ್ತದೆ: ಈ ಎಲೆಗೆ ಮನುಷ್ಯರ, ದನದ, ಹಕ್ಕಿಯ, ಇಲಿಯ ಮಲ ತಾಗಿದೆಯೋ ಇಲ್ಲವೋ? ಕೇಳಲು ಅಸಹ್ಯ ಅನ್ನಿಸುತ್ತದೆ. ಆದರೆ ಸಾಲ್ಮೊನೆಲ್ಲಾ, ಇ. ಕೋಲಿ, ಶಿಗೆಲ್ಲಾ, ಹೆಪಟೈಟಿಸ್ ಎ ಎಂದು ಆಸ್ಪತ್ರೆಯ ಚೀಟಿಯಲ್ಲಿ ಬರೆಯುವುದೆಲ್ಲ ಹೆಚ್ಚಾಗಿ ಈ ದಾರಿಯಲ್ಲೇ ಬರುವಂಥವು. ಎಂಡೋಸಲ್ಫಾನ್ ಅನುಭವಿಸಿದ ಊರಿನವರಿಗೆ "ವಿಷವಿಲ್ಲ" ಎಂದು ಹೇಳಿ, ನೀರಿನ ವಿಚಾರ ಎತ್ತದೆ ಜಾರಿಕೊಳ್ಳುವುದನ್ನು ನಾನು ಪ್ರಾಮಾಣಿಕ ವ್ಯಾಪಾರ ಎಂದು ಕರೆಯಲಾರೆ.

ಒಂದೇ ನೀರು, ನೂರು ಗಿಡ

ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಒಮ್ಮೆ ನೋಡಿ. ಕೆಳಗೆ ಒಂದು ಟ್ಯಾಂಕು. ಅದರಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಮತ್ತಿತರ ಲವಣ ಕರಗಿಸಿದ ನೀರು. ಪಂಪು ಅದನ್ನು ಮೇಲಕ್ಕೆತ್ತುತ್ತದೆ. ನೀರು ಪೈಪುಗಳಲ್ಲಿ ಬೇರುಗಳನ್ನು ತೊಯ್ಸುತ್ತಾ ಹರಿದು ಮತ್ತೆ ಅದೇ ಟ್ಯಾಂಕಿಗೆ ಬೀಳುತ್ತದೆ. ನೀರು ಉಳಿಯುವುದು ಇದರಿಂದಲೇ. ಅಪಾಯ ಇರುವುದೂ ಇಲ್ಲೇ. ಗದ್ದೆಯ ಒಂದು ಮೂಲೆಗೆ ಹೊಲಸು ಬಿದ್ದರೆ ಆ ಮೂಲೆಯ ಗಿಡಗಳು ಕೆಡುತ್ತವೆ. ಇಲ್ಲಿ ಟ್ಯಾಂಕಿಗೆ ಬಿದ್ದದ್ದು ಅದೇ ದಿನ ಎಲ್ಲ ಗಿಡಗಳ ಬೇರನ್ನೂ ಮುಟ್ಟಬಹುದು. ಪೈಪಿನ ಒಳಗೋಡೆಯಲ್ಲಿ ಲೋಳೆ ಕಟ್ಟಿಕೊಂಡರೆ ರೋಗಾಣುಗಳಿಗೆ ಅದೇ ಮನೆ. ಮೇಲಿಂದ ನೀರು ಹರಿಸಿದ ಮಾತ್ರಕ್ಕೆ ಆ ಲೋಳೆ ಕೊಚ್ಚಿಕೊಂಡು ಹೋಗುವುದಿಲ್ಲ.

ಬೆಳೆಗಾರರ ಕೈಯಲ್ಲಿ ಎರಡು ಮೀಟರುಗಳಿರುತ್ತವೆ. ಒಂದು ನೀರಿನ ಪಿಎಚ್ ನೋಡುತ್ತದೆ. ಲೆಟ್ಯೂಸಿನಂಥ ಸೊಪ್ಪಿಗೆ ಅದು 5.5ರಿಂದ 6.5ರ ನಡುವೆ ಇರಬೇಕು. ಇನ್ನೊಂದು ಇಸಿ ಮೀಟರು; ನೀರಿನಲ್ಲಿ ಲವಣ ಎಷ್ಟಿದೆ ಎಂದು ಹೇಳುತ್ತದೆ. ನೋಡಲು ಹೋದವರಿಗೆ ಇವೆರಡನ್ನೂ ಅದ್ದಿ ತೋರಿಸುತ್ತಾರೆ, ನಾವೂ "ಭಾರೀ ವೈಜ್ಞಾನಿಕ" ಎಂದು ತಲೆದೂಗುತ್ತೇವೆ. ಇವೆರಡೂ ಗಿಡದ ಆರೋಗ್ಯಕ್ಕೆ ಇರುವ ಮೀಟರುಗಳು. ತಿನ್ನುವವನ ಹೊಟ್ಟೆಯ ಬಗ್ಗೆ ಇವು ಏನನ್ನೂ ಹೇಳುವುದಿಲ್ಲ. ಒಂದೇ ಒಂದು ಬ್ಯಾಕ್ಟೀರಿಯಾವನ್ನೂ ಇವು ಹಿಡಿಯುವುದಿಲ್ಲ.

ಕಣ್ಣಿಗೆ, ಮೂಗಿಗೆ ಗೊತ್ತಾಗುತ್ತದೆ ಎಂಬ ನಂಬಿಕೆಯೂ ಬೇಡ. ನೀರು ಕೆಟ್ಟಿತೋ ಎಂದು ಬಣ್ಣ, ರುಚಿ, ವಾಸನೆ ನೋಡಬೇಕೆಂದು ಮದ್ರಸದಲ್ಲಿ ನಾವೆಲ್ಲ ಕಲಿತಿದ್ದೇವೆ. ವುಳೂವಿನ ನೀರಿನ ಶುದ್ಧಿಗೆ ಇರುವ ಲೆಕ್ಕ ಅದು. ಅದರ ಜಾಗದಲ್ಲಿ ಅದು ಸರಿ. ಆದರೆ ಇ. ಕೋಲಿ ಸೇರಿದ ನೀರು ಬಣ್ಣವನ್ನೂ ಬದಲಿಸದೆ, ವಾಸನೆಯನ್ನೂ ಬದಲಿಸದೆ ಇರಬಲ್ಲದು. ಅದನ್ನು ಹೇಳುವುದು ಪ್ರಯೋಗಾಲಯ ಮಾತ್ರ.

"ಇದೇ ಬಾವಿಯ ನೀರನ್ನು ನಾವೂ ಕುಡಿಯುತ್ತೇವಲ್ಲ?" ಎಂಬುದು ಬೆಳೆಗಾರರ ಸಿದ್ಧ ಉತ್ತರ. ಕುಡಿಯುತ್ತೀರಿ, ಹೌದು. ಆದರೆ ಹೇಗೆ ಕುಡಿಯುತ್ತೀರಿ? ಜೀರಿಗೆ ಹಾಕಿ ಕುದಿಸಿ ಕುಡಿಯುತ್ತೀರಿ. ಕೇರಳದ ಮನೆಗಳಲ್ಲಿ ಕುದಿಸಿದ ನೀರಿನ ಅಭ್ಯಾಸ ಸುಮ್ಮನೆ ಬಂದದ್ದಲ್ಲ. ಹತ್ತು ಸೆಂಟು, ಐದು ಸೆಂಟು ಜಾಗದಲ್ಲಿ ಮನೆ, ಒಂದು ಮೂಲೆಗೆ ಬಾವಿ, ಇನ್ನೊಂದು ಮೂಲೆಗೆ ಕಕ್ಕಸು ಗುಂಡಿ, ಪಕ್ಕದ ಮನೆಯವರ ಗುಂಡಿ ನಮ್ಮ ಬಾವಿಗೆ ಇನ್ನೂ ಹತ್ತಿರ. ಕೇರಳದ ತೆರೆದ ಬಾವಿಗಳಲ್ಲಿ ಮಲದ ಕೋಲಿಫಾರ್ಮ್ ವ್ಯಾಪಕವಾಗಿದೆ ಎಂಬುದು ಹಳೆಯ ಸುದ್ದಿ. ಮಳೆಗಾಲದಲ್ಲಿ ಅದು ಇನ್ನೂ ಹೆಚ್ಚು. ಕುಡಿಯುವ ನೀರನ್ನು ಕುದಿಸುತ್ತೇವೆ. ಹೈಡ್ರೋಪೋನಿಕ್ ಟ್ಯಾಂಕಿನ ನೀರನ್ನು ಯಾರೂ ಕುದಿಸುವುದಿಲ್ಲ. ಅದರಲ್ಲಿ ಬೆಳೆದ ಎಲೆಯನ್ನೂ ಕುದಿಸುವುದಿಲ್ಲ.

ಬ್ಲೀಚಿಂಗ್ ಪುಡಿ ಹಾಕಿದರೆ ಆಯಿತಲ್ಲ ಎನ್ನಬಹುದು. ಬಾವಿಗೆ 1,000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಹಾಕುವುದು ಆರೋಗ್ಯ ಇಲಾಖೆಯವರು ಹೇಳಿಕೊಟ್ಟ ಕ್ರಮ. ಆದರೆ ಗೊಬ್ಬರ ಕರಗಿಸಿದ ಟ್ಯಾಂಕಿಗೆ ಕ್ಲೋರಿನ್ ಬಿದ್ದರೆ ಅದು ಅಮೋನಿಯಂ ಜೊತೆ ಸೇರಿ ಬೇರನ್ನು ಕಂದಿಸುವ ಕ್ಲೋರಮೈನ್ ಆಗುತ್ತದೆ. ಗಿಡ ಹಾಳಾದೀತೆಂದು ಬೆಳೆಗಾರರು ಅದನ್ನು ಮುಟ್ಟುವುದಿಲ್ಲ. ಹಾಗಾಗಿ ನೀರನ್ನು ಟ್ಯಾಂಕಿಗೆ ಬಿಡುವ ಮೊದಲೇ ಶುದ್ಧ ಮಾಡಬೇಕು, ತಿರುಗುವ ನೀರನ್ನು ಅಲ್ಟ್ರಾವಯಲೆಟ್ ದೀಪದಂಥ ಉಪಕರಣದ ಮೂಲಕ ಹಾಯಿಸಬೇಕು. ಇದಕ್ಕೆ ಖರ್ಚಿದೆ. ಕಿಟ್ ಮಾರುವವರು ಈ ಖರ್ಚನ್ನು ಮೊದಲ ದಿನವೇ ಹೇಳಬೇಕು.

ಇನ್ನು ನಮ್ಮ ಸೆಖೆ. ಲೆಟ್ಯೂಸಿನ ಬೇರಿಗೆ 18ರಿಂದ 22 ಡಿಗ್ರಿಯ ನೀರು ಒಳ್ಳೆಯದೆಂದು ಪುಸ್ತಕ ಹೇಳುತ್ತದೆ. ಕರಾವಳಿಯಲ್ಲಿ ಟ್ಯಾಂಕನ್ನು ತಣ್ಣಗಿಡುವ ಯಂತ್ರವಿಲ್ಲದೆ ಅದು ವರ್ಷದ ಹೆಚ್ಚಿನ ದಿನ ಕನಸಿನ ಮಾತು. ಬೆಚ್ಚಗಿನ ನೀರು ಗಿಡಕ್ಕೆ ಕಷ್ಟ, ಹೊಟ್ಟೆಯ ರೋಗಾಣುಗಳಿಗೆ ಸುಖ.

ಹೊರಗೆ ನಡೆದದ್ದು

ಇದು ಬರೀ ಹೆದರಿಸುವ ಮಾತು ಎನ್ನುವವರಿಗಾಗಿ ಮೂರು ಘಟನೆಗಳು.

1996ರ ಜುಲೈಯಲ್ಲಿ ಜಪಾನಿನ ಸಕಾಯಿ ನಗರದಲ್ಲಿ ಶಾಲೆಯ ಊಟ ಮಾಡಿದ ಮಕ್ಕಳು ಸಾಲಾಗಿ ಆಸ್ಪತ್ರೆ ಸೇರಿದರು. ಒಟ್ಟು 9,000ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, ಮಕ್ಕಳು ಸತ್ತರು. ಕಾರಣ ಇ. ಕೋಲಿ ಒ157. ಸರ್ಕಾರದ ಸಂಶಯ ಹೋದದ್ದು ನೀರಿನಲ್ಲಿ ಬೆಳೆಸುವ ಮೂಲಂಗಿ ಮೊಳಕೆಯ ಮೇಲೆ.

2011ರ ಮೇ ತಿಂಗಳಲ್ಲಿ ಜರ್ಮನಿಯಲ್ಲಿ ಇ. ಕೋಲಿಯ ಇನ್ನೊಂದು ತಳಿ ಬಂತು. 3,800ರಷ್ಟು ಮಂದಿ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು, ನೂರಾರು ಮಂದಿಯ ಮೂತ್ರಪಿಂಡ ಕೆಟ್ಟಿತು. ಮೊದಲು ಸ್ಪೇನಿನ ಸೌತೆಕಾಯಿಯನ್ನು ದೂರಿದರು. ಕೊನೆಗೆ ಸಿಕ್ಕಿದ್ದು ಮೆಂತೆ ಮೊಳಕೆ. ಬೀಜ ಈಜಿಪ್ಟಿನಿಂದ ಬಂದದ್ದು. ಮೊಳಕೆ ಬರಿಸಿದ್ದು ಜರ್ಮನಿಯ ಒಂದು ಸಾವಯವ ತೋಟದಲ್ಲಿ. ವಿಷವಿಲ್ಲದ, ಸಾವಯವದ, ಆರೋಗ್ಯಕ್ಕೆಂದು ತಿಂದ ಒಂದು ಹಿಡಿ ಮೊಳಕೆ! ನಮ್ಮ ಉಮ್ಮಂದಿರು ಬಾಣಂತಿಗೆ ಮೆಂತೆ ಕೊಡುತ್ತಾರೆ, ಆದರೆ ಬೇಯಿಸಿ, ಗಂಜಿ ಮಾಡಿ, ಲೇಹ ಮಾಡಿ ಕೊಡುತ್ತಾರೆ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು.

2021ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ದೊಡ್ಡ ಹೈಡ್ರೋಪೋನಿಕ್ ಗ್ರೀನ್‌ಹೌಸಿನ ಪ್ಯಾಕೆಟ್ ಸೊಪ್ಪು ತಿಂದ 31 ಮಂದಿ ನಾಲ್ಕು ರಾಜ್ಯಗಳಲ್ಲಿ ಸಾಲ್ಮೊನೆಲ್ಲಾದಿಂದ ಮಲಗಿದರು. ಅಮೆರಿಕದ ಆಹಾರ ಇಲಾಖೆಯವರು ಹೋಗಿ ಹುಡುಕಿದಾಗ ಅದೇ ತಳಿ ಗ್ರೀನ್‌ಹೌಸಿನ ಪಕ್ಕದಲ್ಲಿ ಮಳೆನೀರು ನಿಲ್ಲುವ ಕೊಳದಲ್ಲಿ ಸಿಕ್ಕಿತು. ಗಾಜಿನ ಗೋಡೆಯೊಳಗೆ, ಕಂಪ್ಯೂಟರ್ ನೋಡಿಕೊಳ್ಳುವ ಜಾಗದ ಕಥೆ ಇದು. ನಮ್ಮಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಹಸಿರು ಬಲೆ ಕಟ್ಟಿದ ಶೆಡ್ಡಿನೊಳಗೆ ಕಪ್ಪೆ, ಹಲ್ಲಿ, ಕಾಗೆಯ ಹಿಕ್ಕೆ ಬರದೆ ಇರುತ್ತದೆಯೇ?

"ನಮ್ಮಲ್ಲಿ ಹಾಗೇನೂ ಆಗಿಲ್ಲವಲ್ಲ" ಎಂಬ ಮಾತು ನನಗೆ ಸಮಾಧಾನ ಕೊಡುವುದಿಲ್ಲ. ನಮ್ಮಲ್ಲಿ ಬೇಧಿ ಆದರೆ ಓಆರ್‌ಎಸ್ ಕುಡಿದು, ಎರಡು ಮಾತ್ರೆ ನುಂಗಿ ಸುಮ್ಮನಾಗುತ್ತೇವೆ. ಮಲ ಪರೀಕ್ಷೆಗೆ ಕೊಡುವವರು ಎಷ್ಟು ಮಂದಿ? ಸಾವಿರಾರು ರೋಗಿಗಳು, ಇಡೀ ದೇಶದ ಪ್ರಯೋಗಾಲಯಗಳು ಸೇರಿಯೂ ಜರ್ಮನಿಗೆ ಮೆಂತೆ ಮೊಳಕೆಯನ್ನು ಹಿಡಿಯಲು ವಾರಗಳು ಬೇಕಾದವು. ಹುಡುಕದವರಿಗೆ ಸಿಗುವುದಿಲ್ಲ. ಸಿಗದ್ದು ಇಲ್ಲವೆಂದು ಅರ್ಥವಲ್ಲ.

ಬೇಯಿಸುವ ಸೊಪ್ಪು, ಹಸಿ ತಿನ್ನುವ ಸೊಪ್ಪು

ನಮ್ಮ ಅಡುಗೆಯಲ್ಲಿ ಸೊಪ್ಪಿಗೆ ಬೆಂಕಿ ತಾಗದೆ ಊಟವಾಗುತ್ತಿರಲಿಲ್ಲ. ಹರಿವೆ, ನುಗ್ಗೆ ಸೊಪ್ಪು, ಸಿಗಡಿ ಹಾಕಿದ ಬಸಳೆ ಗಸಿ, ಕೆಸುವಿನ ಎಲೆ, ಎಲ್ಲವೂ ಕುದಿದೇ ಬಟ್ಟಲಿಗೆ ಬರುತ್ತಿದ್ದವು. ಬಸಳೆ ಚಪ್ಪರದ ಬುಡಕ್ಕೆ ಬಚ್ಚಲ ನೀರು ಹೋಗುತ್ತಿತ್ತು. ಆದರೂ ಯಾರೂ ಸಾಯಲಿಲ್ಲ ಎಂದು ಹಿರಿಯರು ಹೇಳುವುದು ನಿಜ, ಕಾರಣ ಆ ಬೆಂಕಿ. ಹಸಿಯಾಗಿ ತಿನ್ನುತ್ತಿದ್ದದ್ದು ಬಿರಿಯಾನಿಯ ಜೊತೆಗಿನ ಈರುಳ್ಳಿ, ಸೌತೆಕಾಯಿ, ಮೇಲೆ ಉದುರಿಸಿದ ಒಂದಿಷ್ಟು ಕೊತ್ತಂಬರಿ, ಪುದೀನ.

ಈಗ ಬಂದದ್ದು ಲೆಟ್ಯೂಸು, ಮೈಕ್ರೋಗ್ರೀನ್ಸು, ಬೇಸಿಲ್ಲು. ಇವನ್ನು ಬೇಯಿಸಿದರೆ ಕೆಡುತ್ತವೆ, ಹಸಿಯಾಗಿಯೇ ತಿನ್ನಬೇಕು. ಅಂದರೆ ಅಜ್ಜಿಯ ಕಾಲದಲ್ಲಿ ಒಲೆ ಮಾಡುತ್ತಿದ್ದ ಕಾವಲಿನ ಕೆಲಸವನ್ನು ಈಗ ಬೆಳೆಗಾರನ ಟ್ಯಾಂಕು ಮಾಡಬೇಕಾಗಿದೆ. ಈ ಬದಲಾವಣೆಯನ್ನು ಯಾರೂ ನಮಗೆ ಹೇಳಲಿಲ್ಲ.

2022ರ ಮೇ ತಿಂಗಳಲ್ಲಿ ನಮ್ಮದೇ ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ಶಾಲೆಗೆ ಹೋಗುವ ಒಬ್ಬ ಹುಡುಗಿ ತೀರಿಕೊಂಡಳು, ಹಲವರು ಆಸ್ಪತ್ರೆ ಸೇರಿದರು. ಶಿಗೆಲ್ಲಾ ಪತ್ತೆಯಾಯಿತು. ಅದರ ನಂತರ ಶವರ್ಮಾಕ್ಕೆ ನಿಯಮ ಬಂತು, 2023ರ ಆರಂಭದಲ್ಲಿ ಹಸಿ ಮೊಟ್ಟೆಯ ಮಯೋನೈಸಿಗೆ ನಿಷೇಧ ಬಂತು. ಮಾಂಸ ಬೆಂದಿದೆಯೇ, ಮಯೋನೈಸು ಯಾವಾಗಿನದು ಎಂದು ಈಗ ನಮ್ಮ ಮಕ್ಕಳೂ ಕೇಳುತ್ತಾರೆ. ಒಳ್ಳೆಯ ಬದಲಾವಣೆ. ಆದರೆ ಅದೇ ರೊಟ್ಟಿಯೊಳಗಿನ ಹಸಿ ಎಲೆ ಎಲ್ಲಿಂದ ಬಂತು, ಯಾವ ನೀರಿನಲ್ಲಿ ತೊಳೆದರು ಎಂದು ಕೇಳುವವರಿಲ್ಲ. ಸೊಪ್ಪಿಗೆ ನಾವು ಪುಕ್ಕಟೆಯಾಗಿ ಒಳ್ಳೆಯತನದ ಸರ್ಟಿಫಿಕೇಟ್ ಕೊಟ್ಟುಬಿಟ್ಟಿದ್ದೇವೆ.

2024ರಲ್ಲಿ ಮಲಪ್ಪುರಂ ಸೇರಿದಂತೆ ಕೇರಳದ ಹಲವು ಕಡೆ ಮಂಜಪಿತ್ತ ಹಬ್ಬಿತು. ಮದುವೆ ಮನೆಯ ವೆಲ್‌ಕಮ್ ಡ್ರಿಂಕಿನ ನೀರು, ಐಸು ನೋಡಿಕೊಳ್ಳಿ ಎಂದು ಆರೋಗ್ಯ ಇಲಾಖೆ ಎಚ್ಚರಿಸಿತು. ಹೆಪಟೈಟಿಸ್ ಎ ನೀರಿನಲ್ಲಿ ಬರುವ ಹಾಗೆ, ಆ ನೀರು ತಾಗಿದ ಹಸಿ ಎಲೆಯಲ್ಲೂ ಬರಬಲ್ಲದು. ಸಾವಿರ ಜನರ ನಿಖಾಹ್ ಊಟದಲ್ಲಿ ಈಗ ಸಲಾಡ್ ಕೌಂಟರ್ ಇಡುವುದು ಘನತೆಯ ಮಾತಾಗಿದೆ. ಬಿರಿಯಾನಿ ದಮ್ಮಿನಲ್ಲಿ ಬೇಯುತ್ತದೆ. ಸಲಾಡಿಗೆ ಯಾವ ದಮ್ಮಿದೆ?

ತೊಳೆದರೆ ಸಾಕೇ?

ತೊಳೆಯಬೇಡಿ ಎನ್ನುವವರು ಒಂದು ಕಡೆ, ತೊಳೆದರೆ ಎಲ್ಲ ಸರಿಯಾಗುತ್ತದೆ ಎನ್ನುವವರು ಇನ್ನೊಂದು ಕಡೆ. ಎರಡೂ ಸರಿಯಲ್ಲ. ತೊಳೆದರೆ ಎಲೆಯ ಮೇಲಿನ ಹೊರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನೀರಿನಲ್ಲಿರುವ ರೋಗಾಣು ಬೇರಿನ ಮೂಲಕ ಎಲೆಯೊಳಗೇ ಹೋಗಬಹುದೇ ಎಂದು ವಿಜ್ಞಾನಿಗಳು ಹಲವು ಸಲ ಪ್ರಯೋಗ ಮಾಡಿದ್ದಾರೆ. ಕೆಲವದರಲ್ಲಿ ಹೋಗಿದೆ, ಕೆಲವದರಲ್ಲಿ ಹೋಗಿಲ್ಲ. ಹೋದರೆ ವಿನೆಗರೂ ಹುಳಿನೀರೂ ಅದನ್ನು ಮುಟ್ಟುವುದಿಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಗೊಬ್ಬರದ ನೀರಿನ ವ್ಯವಸ್ಥೆಯಲ್ಲೂ, ಮೀನು ಸಾಕಿ ಅದರ ನೀರಿನಲ್ಲಿ ಗಿಡ ಬೆಳೆಸುವ ಅಕ್ವಾಪೋನಿಕ್ಸಿನಲ್ಲೂ ಅಪಾಯಕಾರಿ ಇ. ಕೋಲಿ ಸಿಕ್ಕಿತು, ನೀರಿನಲ್ಲಿ ಮತ್ತು ಬೇರಿನ ಮೇಲೆ. ಎಲೆಯೊಳಗೆ ಸಿಗಲಿಲ್ಲ ಎಂಬುದನ್ನೂ ಹೇಳಬೇಕು.

ಆದರೆ ನಮ್ಮ ಅಂಗಡಿಯ ಲೆಟ್ಯೂಸನ್ನು ನೋಡಿ: "ತಾಜಾ, ಜೀವಂತ" ಎಂದು ಬೇರುಸಮೇತ ಕವರಿನಲ್ಲಿ ಹಾಕಿ ಕೊಡುತ್ತಾರೆ. ಒದ್ದೆ ಬೇರಿನಿಂದ ಸೋರುವ ಟ್ಯಾಂಕಿನ ನೀರು ಕವರಿನೊಳಗೆ ಎಲೆಗೆ ತಾಗುತ್ತದೆ. ಅದನ್ನು ಮನೆಗೆ ತಂದು ಫ್ರಿಜ್ಜಿನಲ್ಲಿ ಹಣ್ಣಿನ ಪಕ್ಕ ಇಡುತ್ತೇವೆ. ಬೇರನ್ನು ಹೊರಗೇ ಕತ್ತರಿಸಿ ಎಸೆಯಿರಿ. ಎಲೆ ಬಿಡಿಸಿ, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಿರಿ. ಮನೆಯಲ್ಲಿ ಬಸುರಿಯೋ, ಪುಟ್ಟ ಮಗುವೋ, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರೋ ಇದ್ದರೆ ಅವರ ಬಟ್ಟಲಿಗೆ ಹಸಿ ಮೊಳಕೆ ಹಾಕಬೇಡಿ. ಬೇಯಿಸಿ ಕೊಡಿ.

ದುಬೈಯ ಹೆಸರು ಹೇಳುವವರಿಗೆ

"ದುಬೈಯಲ್ಲಿ ತೊಳೆಯದೇ ತಿನ್ನುತ್ತಾರೆ" ಎಂಬುದು ನಮ್ಮಲ್ಲಿ ದೊಡ್ಡ ಸಾಕ್ಷಿ. 2022ರಲ್ಲಿ ದುಬೈಯ ಅಲ್ ಮಕ್ತೂಮ್ ವಿಮಾನ ನಿಲ್ದಾಣದ ಹತ್ತಿರ ಬುಸ್ತಾನಿಕಾ ಎಂಬ ಒಳಾಂಗಣ ತೋಟ ಶುರುವಾಯಿತು. 3,30,000 ಚದರ ಅಡಿ, ವರ್ಷಕ್ಕೆ ಹತ್ತು ಲಕ್ಷ ಕಿಲೋ ಸೊಪ್ಪಿನ ಗುರಿ. ತೊಳೆಯದೆ ತಿನ್ನಬಹುದೆಂದು ಅವರು ಹೇಳುತ್ತಾರೆ. ಆದರೆ ಅಲ್ಲಿ ಮುಚ್ಚಿದ ಕಟ್ಟಡ, ತಣ್ಣಗಿನ ಗಾಳಿ, ಶುದ್ಧೀಕರಿಸಿದ ನೀರು, ಎಂಜಿನಿಯರುಗಳು ಇದ್ದಾರೆ. ಆ ಮಾತಿಗೆ ಅವರ ಹತ್ತಿರ ಇರುವ ಆಧಾರ ಅವರದು. ಅವರ ವಾಕ್ಯವನ್ನು ತಂದು ಉಪ್ಪಳದ ತಾರಸಿಯ ಪೈಪಿಗೆ ಅಂಟಿಸಲು ಆಗುವುದಿಲ್ಲ. ಮರುಭೂಮಿಯಿಂದ ತಂತ್ರ ತಂದವರು ಅಲ್ಲಿನ ಶಿಸ್ತನ್ನೂ ತರಬೇಕಿತ್ತು. ಗಲ್ಫಿನ ಕೆಫೆಟೇರಿಯಾಗಳಲ್ಲಿ ದುಡಿದ ನಮ್ಮವರಿಗೆ ಬಲದಿಯಾದ ತಪಾಸಣೆ ಎಂದರೇನೆಂದು ಗೊತ್ತು. ಫ್ರಿಜ್ಜಿನ ಡಿಗ್ರಿ ಬರೆದಿಡದಿದ್ದರೆ ಏನಾಗುತ್ತದೆಂದೂ ಗೊತ್ತು. ಅಲ್ಲಿ ಹೆದರಿ ಪಾಲಿಸಿದ ನಿಯಮವನ್ನು ಸ್ವಂತ ಊರಿನವರ ಹೊಟ್ಟೆಗಾಗಿ ಪಾಲಿಸಲು ಏನು ಕಷ್ಟ?

"ಸಾವಯವ" ಎಂಬ ಪದವನ್ನೂ ಸುಮ್ಮನೆ ಅಂಟಿಸಬೇಡಿ. ರಾಸಾಯನಿಕ ಲವಣ ಕರಗಿಸಿದ ನೀರಿನಲ್ಲಿ ಬೆಳೆದದ್ದು ಸಾವಯವ ಹೇಗಾಗುತ್ತದೆ? ಯುರೋಪಿನ ಸಾವಯವ ನಿಯಮ ಹೈಡ್ರೋಪೋನಿಕ್ಸನ್ನು ಒಪ್ಪುವುದೇ ಇಲ್ಲ. ಪೈಪಿನ ಬಗ್ಗೆಯೂ ಒಂದು ಮಾತು: ಪಿವಿಸಿ ಪೈಪುಗಳಲ್ಲಿ ಸೀಸ ಬಳಸುವುದನ್ನು ನಿಯಂತ್ರಿಸಲು ಕೇಂದ್ರ ಸರ್ಕಾರ ನಿಯಮ ತಂದದ್ದು 2021ರಲ್ಲಿ. ಹಳೆಯ, ಅಗ್ಗದ, ಗುಜರಿಯ ಪೈಪಿನಲ್ಲಿ ಹುಳಿ ನೀರು ಹಗಲು ರಾತ್ರಿ ಹರಿಸುವ ಮುನ್ನ ಯೋಚಿಸಬೇಕು. ಮೈಕ್ರೋಗ್ರೀನ್ಸಿಗೆ ಬಿತ್ತನೆ ಬೀಜದ ಅಂಗಡಿಯಿಂದ ಗುಲಾಬಿ ಬಣ್ಣ ಹಚ್ಚಿದ ಬೀಜ ತರುವವರೂ ಯೋಚಿಸಬೇಕು. ಶಿಲೀಂಧ್ರನಾಶಕ ಲೇಪಿಸಿದ ಬೀಜಕ್ಕೆ ಎಚ್ಚರಿಕೆಯಾಗಿ ಇಂಥ ಬಣ್ಣ ಹಾಕುತ್ತಾರೆ. ಹತ್ತು ದಿನದಲ್ಲಿ ಕತ್ತರಿಸಿ ತಿನ್ನುವ ಮೊಳಕೆಗೆ ಅದು ಸಲ್ಲದು.

ಕಾನೂನಿನ ತೂತು

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಸೆಕ್ಷನ್ನಿನ 3ನೇ ಉಪವಿಧಿ ರೈತನನ್ನೂ ಅವನ ಬೇಸಾಯವನ್ನೂ ಕಾಯ್ದೆಯ ಹೊರಗಿಡುತ್ತದೆ. ಗದ್ದೆಯಲ್ಲಿ ಬೆವರು ಸುರಿಸುವ ಬಡ ರೈತನನ್ನು ಇನ್‌ಸ್ಪೆಕ್ಟರನ ಕಾಟದಿಂದ ಉಳಿಸಲು ಮಾಡಿದ ವಿನಾಯಿತಿ ಅದು. ಸರಿಯಾದ ವಿನಾಯಿತಿ. ಆದರೆ ಲಕ್ಷಾಂತರ ರೂಪಾಯಿ ಹಾಕಿ, ಬ್ರ್ಯಾಂಡ್ ಹೆಸರಿಟ್ಟು, "ತಿನ್ನಲು ಸಿದ್ಧ" ಎಂದು ಪ್ಯಾಕ್ ಮಾಡಿ ಮಾರುವವನು ಅದೇ ವಿನಾಯಿತಿಯ ಕೊಡೆಯಡಿ ನಿಲ್ಲುವುದು ಸರಿಯೇ? ಹಸಿಯಾಗಿ ತಿನ್ನಲೆಂದೇ ಬೆಳೆಯುವ ಸೊಪ್ಪಿನ ನೀರಿಗೆ ಬೆಳೆಯುವ ಜಾಗದಲ್ಲೇ ತಪಾಸಣೆ ಬೇಕೆಂದು ಕಾನೂನು ಹೇಳಬೇಕು.

ಅಲ್ಲಿಯವರೆಗೆ ನಮ್ಮ ಕೈ ಬರಿದಾಗೇನೂ ಇಲ್ಲ. ರೈತನ ಕೈ ದಾಟಿ ವ್ಯಾಪಾರಿಯ ಕೈಗೆ ಬಂದ ಸೊಪ್ಪು ಕಾನೂನಿನ ಕಣ್ಣಿಗೆ ಆಹಾರವೇ. ಅಂಗಡಿಯವರು ಜವಾಬ್ದಾರರು. ಅದೇ ಕಾಯ್ದೆಯ 40ನೇ ಸೆಕ್ಷನ್ ಪ್ರಕಾರ ಕೊಂಡವನೇ, ಮಾರುವವನಿಗೆ ಆಗಲೇ ತಿಳಿಸಿ, ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆಗೆ ಕೊಡಬಹುದು. ದೋಷ ಕಂಡರೆ ಆ ಶುಲ್ಕ ಹಿಂದಕ್ಕೆ ಸಿಗುತ್ತದೆ. ತಲಪಾಡಿಯ ಈಚೆ ಬೆಳೆದು ಆಚೆ ಮಂಗಳೂರಿನಲ್ಲಿ ಮಾರಿದರೂ ಇದೇ ಕಾಯ್ದೆ. ಗಡಿ ದಾಟಿದರೆ ಇಲಾಖೆ ಬದಲಾಗುತ್ತದೆ, ಹಕ್ಕು ಬದಲಾಗುವುದಿಲ್ಲ. ದೂರನ್ನು ಮಲಯಾಳದಲ್ಲೇ ಬರೆಯಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಸರ್ಕಾರದೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆಹಾರ ಸುರಕ್ಷತಾ ಇಲಾಖೆಯ ಎಚ್ಚರಿಕೆಗಳೂ ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡದಲ್ಲಿ ಬರಲಿ. ಓದಲಾಗದ ಎಚ್ಚರಿಕೆಯಿಂದ ಯಾರಿಗೆ ಪ್ರಯೋಜನ?

ಬೆಳೆಗಾರರಿಗೆ

ಇಷ್ಟೆಲ್ಲ ಬರೆದರೆ "ಸಣ್ಣವರ ಹೊಟ್ಟೆಗೆ ಹೊಡೆಯುತ್ತೀರಿ" ಎಂಬ ಆಕ್ಷೇಪ ಬರುತ್ತದೆ. ನಿಮ್ಮ ಹೊಟ್ಟೆ ಉಳಿಯಲಿ ಎಂದೇ ಈ ಮಾತು. ಜರ್ಮನಿ ತಪ್ಪಾಗಿ ಬೆರಳು ತೋರಿಸಿದಾಗ ಸ್ಪೇನಿನ ತರಕಾರಿಯವರು ವಾರಕ್ಕೆ 20 ಕೋಟಿ ಯೂರೋ ನಷ್ಟವೆಂದು ಲೆಕ್ಕ ಹಾಕಿದರು. ಸಕಾಯಿಯ ನಂತರ ಜಪಾನಿನ ಮೂಲಂಗಿ ಮೊಳಕೆಯವರ ವ್ಯಾಪಾರ ನೆಲಕಚ್ಚಿತು. ಆರೋಗ್ಯ ಮಂತ್ರಿಯೇ ಕ್ಯಾಮೆರಾ ಮುಂದೆ ಮೊಳಕೆ ತಿಂದು ತೋರಿಸಬೇಕಾಯಿತು. ಬೆಳೆಗಾರರು ಸರ್ಕಾರದ ಮೇಲೆ ದಾವೆ ಹೂಡಿ ಗೆದ್ದರು ನಿಜ, ಆದರೆ ಅದಕ್ಕೆ ವರ್ಷಗಳು ಹಿಡಿದವು. ನಾಳೆ ನಮ್ಮ ಊರಿನ ಮದುವೆಯೊಂದರಲ್ಲಿ ಐವತ್ತು ಜನ ಮಲಗಿದರೆ, ಬಿರಿಯಾನಿಯವನು ನಿಮ್ಮ ಸೊಪ್ಪನ್ನು ತೋರಿಸುತ್ತಾನೆ. ಆಗ ನಿಮ್ಮ ಹತ್ತಿರ ನೀರಿನ ಪರೀಕ್ಷೆಯ ಒಂದು ಕಾಗದವೂ ಇಲ್ಲದಿದ್ದರೆ ಯಾವ ಬಾಯಿಂದ ಇಲ್ಲವೆನ್ನುತ್ತೀರಿ?

ಕೇಳುವುದು ಹೆಚ್ಚೇನಲ್ಲ. ಮೂಲದ ನೀರನ್ನು ಮಳೆಗಾಲಕ್ಕೆ ಮುಂಚೆ, ಮಳೆಗಾಲದ ನಡುವೆ, ನಂತರ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡದಂತೆ 100 ಮಿಲಿಲೀಟರಿನಲ್ಲಿ ಒಂದು ಇ. ಕೋಲಿಯೂ ಇರಬಾರದು; ಹಸಿ ತಿನ್ನುವ ಸೊಪ್ಪಿನ ನೀರಿಗೂ ಅದೇ ಅಳತೆ ಇರಲಿ. ಟ್ಯಾಂಕಿಗೆ ಮುಚ್ಚಳ ಇರಲಿ. ಬೆಳೆ ತೆಗೆದ ಮೇಲೆ ಪ್ರತಿ ಸಲ ಪೈಪು ಬಿಚ್ಚಿ ಉಜ್ಜಿ ತೊಳೆಯಿರಿ. ಕೊಯ್ಯುವ ಕೈಗೆ ಸಾಬೂನು ಇರಲಿ, ಬೇಧಿ ಇರುವವರು ಆ ದಿನ ಕೊಯ್ಯುವುದು ಬೇಡ. ಕೊಯ್ದ ಸೊಪ್ಪು ಕೂಡಲೇ 5 ಡಿಗ್ರಿಗಿಂತ ಕೆಳಗೆ ಹೋಗಲಿ. ಯಾವ ದಿನ ಕೊಯ್ದದ್ದು, ಯಾರಿಗೆ ಕೊಟ್ಟದ್ದು ಎಂದು ಒಂದು ಪುಸ್ತಕದಲ್ಲಿ ಬರೆದಿಡಿ.

ಕೊಳ್ಳುವವರಿಗೆ ಇರುವ ಕೆಲಸ ಇನ್ನೂ ಸಣ್ಣದು. "ನಮ್ಮವನೇ, ಹೇಗೆ ಕೇಳುವುದು" ಎಂಬ ನಾಚಿಕೆ ಬಿಡಬೇಕು. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡುವುದಕ್ಕೆ ನಾವು ನಾಚುವುದಿಲ್ಲ, ಮೀನಿನವನಿಗೂ ಬೇಸರವಿಲ್ಲ. ಸೊಪ್ಪಿನವನ ಹತ್ತಿರ ಕೇಳಬೇಕಾದದ್ದು ಮೂರೇ ಪ್ರಶ್ನೆ: ನೀರು ಎಲ್ಲಿಯದು? ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ? ಆ ಕಾಗದ ಎಲ್ಲಿ? ಕಾಗದ ತೋರಿಸುವವನ ಸೊಪ್ಪಿಗೆ ಹತ್ತು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳೋಣ, ಅವನ ಅಂಗಡಿಯ ಹೆಸರನ್ನು ನಾಲ್ಕು ಜನಕ್ಕೆ ಹೇಳೋಣ. ಸಿಟ್ಟು ಮಾಡಿಕೊಳ್ಳುವವನ ಸೊಪ್ಪು ಬೇಡ. ಹರಿವೆ ಸಿಗುತ್ತದೆ, ಬೇಯಿಸಿ ತಿನ್ನೋಣ.